ಕೀಲಿಯ ಜಾಗದಲ್ಲಿ ಕಾರ್ಡ್: ಹಲವು ವರ್ಷಗಳ ಬಳಕೆ ಮತ್ತು ಹೊಸ ಕಾರ್ಡ್ ಮಾಡಿಸಿದ ಅನುಭವ

ಜೇಬಿನಿಂದ ಹೊರತೆಗೆಯದೆಯೇ ಕಾರಿನ ಬಾಗಿಲು ತೆರೆಯುವ, ಗುಂಡಿ ಒತ್ತಿದೊಡನೆ ಎಂಜಿನ್ ಚಾಲೂ ಮಾಡಲು ಬಿಡುವ ಕೀ ಕಾರ್ಡನ್ನು ನಾನು ಹಲವು ವರ್ಷಗಳಿಂದ ದಿನವೂ ಬಳಸುತ್ತಿದ್ದೇನೆ. ಈ ಅವಧಿಯಲ್ಲಿ ಅದರ ಬ್ಯಾಟರಿಯನ್ನು ಬದಲಿಸಿದ್ದೇನೆ, ಒಂದು ಕಾರ್ಡ್ ಕೆಟ್ಟು ರಿಪೇರಿಯಾದದ್ದನ್ನು ನೋಡಿದ್ದೇನೆ, ಕೊನೆಗೆ ಅದರ ಜಾಗಕ್ಕೆ ಹೊಸದೊಂದನ್ನು ಮಾಡಿಸಿಯೂ ಆಗಿದೆ. ಕಾರು ಕೊಂಡ ಹೊಸತರಲ್ಲಿ ಬರೆಯುವ ವಿಮರ್ಶೆಗಳಲ್ಲಿ ಈ ಕಾರ್ಡಿನ ಸೊಗಸಿನ ಮಾತೇ ಹೆಚ್ಚು. ಅದು ಕೈಕೊಟ್ಟಾಗ ಏನಾಗುತ್ತದೆ, ಇನ್ನೊಂದನ್ನು ಪಡೆಯಲು ಏನೇನು ಬೇಕಾಗುತ್ತದೆ ಎಂಬುದು ವರ್ಷಗಳ ಬಳಕೆಯ ಮೇಲೆ ಮಾತ್ರ ತಿಳಿಯುತ್ತದೆ. ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ಕಾರ್ಡ್ ನಿಜಕ್ಕೂ ಒಳ್ಳೆಯ ಸಾಧನ, ಆದರೆ ಒಂದೇ ಕಾರ್ಡ್ ಇಟ್ಟುಕೊಂಡು ಕಾರು ಓಡಿಸಬಾರದು. ಎರಡರಲ್ಲಿ ಒಂದು ಕೆಟ್ಟರೆ ಅಥವಾ ಕಳೆದರೆ, ಉಳಿದದ್ದು ಚೆನ್ನಾಗಿರುವಾಗಲೇ ಅದಕ್ಕೆ ಬದಲಿಯನ್ನು ಮಾಡಿಸಬೇಕು.

ಕೀ ಕಾರ್ಡ್ ಎಂದು ಕರೆಯುವ ವಸ್ತುಗಳಲ್ಲಿ ಎರಡು ಬಗೆಗಳಿದ್ದು, ಬದಲಿ ಮಾಡಿಸುವ ವಿಧಾನ ಎರಡಕ್ಕೂ ಬೇರೆಯಾದ್ದರಿಂದ ಅವುಗಳ ವ್ಯತ್ಯಾಸವನ್ನು ತಿಳಿದಿರಬೇಕು. ಒಂದು, ಬ್ಯಾಟರಿಯೇ ಇಲ್ಲದ, ಬ್ಯಾಂಕಿನ ಕಾರ್ಡಿನಷ್ಟೇ ತೆಳುವಾದ ಬಗೆ. 2017ರಲ್ಲಿ ಬಂದ ಟೆಸ್ಲಾ ಮಾಡೆಲ್ 3 ಕಾರಿನ ಜೊತೆಗೆ ಕೊಡುವುದು ಇದನ್ನು. ಇದು 13.56 ಮೆಗಾಹರ್ಟ್ಸ್‌ನ ಎನ್‌ಎಫ್‌ಸಿ ತಂತ್ರಜ್ಞಾನದಿಂದ, ಅಂದರೆ ತೀರ ಹತ್ತಿರ ತಂದಾಗ ಮಾತ್ರ ನಡೆಯುವ ವೈರ್‌ಲೆಸ್ ಸಂಪರ್ಕದಿಂದ, ಕೆಲಸ ಮಾಡುತ್ತದೆ, ಮತ್ತು ಮುಂದಿನ-ಹಿಂದಿನ ಬಾಗಿಲುಗಳ ನಡುವೆ ಇರುವ ಕಾರಿನ ಕಂಬಕ್ಕೆ ತಾಗಿಸಿದರೆ ಮಾತ್ರ ಕಾರು ಗುರುತಿಸುತ್ತದೆ. ಇನ್ನೊಂದು, ರೆನೋ ಕಂಪನಿಯು 2001ರ ಸುಮಾರಿಗೆ ಎರಡನೇ ತಲೆಮಾರಿನ ಲಗುನಾ ಕಾರಿನೊಂದಿಗೆ ಜನಬಳಕೆಗೆ ತಂದ ಬಗೆ. ಒಳಗೆ ಬ್ಯಾಟರಿ, ಮೇಲೆ ಗುಂಡಿಗಳು, ಅಂಚಿನಲ್ಲಿ ಎಳೆದು ತೆಗೆಯಬಹುದಾದ ಲೋಹದ ತುರ್ತು ಕೀಲಿ. ನಂತರ ಹಲವು ತಯಾರಕರು ಇದೇ ಬಗೆಯ ಕಾರ್ಡ್‌ಗಳನ್ನು ಕೊಟ್ಟಿದ್ದಾರೆ. ನಾನು ಬಳಸುತ್ತಿರುವುದೂ ಈ ಎರಡನೆಯ ಬಗೆಯದೇ.

ದಪ್ಪದ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಕಾರ್ಡ್ ಎಂಬ ಹೆಸರು ಕೇಳಿ ಪರ್ಸಿನಲ್ಲಿ ಹಿಡಿಸುತ್ತದೆ ಎಂದುಕೊಳ್ಳುವವರು ಬಹಳ ಮಂದಿ. ಬ್ಯಾಂಕಿನ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಇದರೊಳಗಿನ ಸಿಆರ್2032 ಬ್ಯಾಟರಿಯೊಂದರ ದಪ್ಪವೇ 3.2 ಮಿಲಿಮೀಟರ್. ಆದ್ದರಿಂದ ಕಾರ್ಡ್ ಎಷ್ಟೇ ತೆಳುವೆಂದರೂ ಪರ್ಸಿನ ಸೀಳಿನಲ್ಲಿ ಕೂರುವುದಿಲ್ಲ. ಒತ್ತಾಯದಿಂದ ಕೂರಿಸಿದರೆ ಕುಳಿತಾಗ ಬಾಗುತ್ತದೆ, ಬಾಗಿದರೆ ಒಳಗಿನ ಬೆಸುಗೆ ಬಿಡುತ್ತದೆ. ಅಂಗಿಯ ಜೇಬು ಅಥವಾ ಚೀಲದ ಚಪ್ಪಟೆ ಖಾನೆ ಇದಕ್ಕೆ ತಕ್ಕ ಜಾಗ. ಜೇಬಿನಲ್ಲಿ ಭಾರವೆನಿಸದಿರುವುದು, ಚೂಪಾದ ಮೂಲೆಗಳಿಲ್ಲದಿರುವುದು, ಉಳಿದ ಕೀಲಿಗಳ ಗೊಂಚಲಿನಿಂದ ಬೇರೆಯಾಗಿರುವುದು ಇವೆಲ್ಲ ಇಷ್ಟು ವರ್ಷಗಳ ನಂತರವೂ ನನಗೆ ಮೆಚ್ಚುಗೆಯಾಗಿರುವ ಸಂಗತಿಗಳು. ಎರಡೂ ಕೈಯಲ್ಲಿ ಸಾಮಾನು ಹಿಡಿದು ಮಳೆಯಲ್ಲಿ ಬಂದಾಗ ಹಿಡಿಕೆಗೆ ಬೆರಳು ತಾಗಿಸಿದರೆ ಬಾಗಿಲು ತೆರೆದುಕೊಳ್ಳುವ ಅನುಕೂಲವನ್ನು ಒಮ್ಮೆ ಅಭ್ಯಾಸ ಮಾಡಿಕೊಂಡವರು ಬಿಡಲಾರರು.

ಕಾರ್ಡ್ ಕೆಲಸ ಮಾಡುವ ಕ್ರಮವನ್ನು ಅರಿತಿದ್ದರೆ ಅದರ ಅರ್ಧದಷ್ಟು ತೊಂದರೆಗಳ ಕಾರಣವನ್ನು ನಾವೇ ಊಹಿಸಬಹುದು. ಹಿಡಿಕೆಯನ್ನು ಮುಟ್ಟಿದಾಗ ಕಾರು ಸುಮಾರು 125 ಕಿಲೋಹರ್ಟ್ಸ್‌ನ ಕಡಿಮೆ ಆವರ್ತನದ ಸಂಕೇತವನ್ನು ಹೊರಡಿಸುತ್ತದೆ. ಇದು ಒಂದೆರಡು ಮೀಟರಿನಾಚೆಗೆ ತಲುಪುವುದಿಲ್ಲ, ಹಾಗೆ ತಲುಪದಿರಲೆಂದೇ ಈ ಆವರ್ತನವನ್ನು ಆರಿಸಿದ್ದಾರೆ. ಕಾರ್ಡಿನೊಳಗಿನ ಸಣ್ಣ ತಂತಿ ಸುರುಳಿಗಳು ಆ ಸಂಕೇತವನ್ನು ಹಿಡಿದು ಕಾರ್ಡನ್ನು ಎಚ್ಚರಿಸುತ್ತವೆ. ಕಾರು ಕೇಳಿದ ಪ್ರಶ್ನೆಗೆ ಕಾರ್ಡ್ ತನ್ನ ಗುಪ್ತ ಸಂಖ್ಯೆಯಿಂದ ಉತ್ತರ ಲೆಕ್ಕಹಾಕಿ, ಬಹಳಷ್ಟು ದೇಶಗಳ ಕಾರುಗಳಲ್ಲಿ 433.92 ಮೆಗಾಹರ್ಟ್ಸ್‌ನಲ್ಲಿ, ಉತ್ತರ ಅಮೆರಿಕ ಮತ್ತು ಜಪಾನಿನ ಅನೇಕ ಕಾರುಗಳಲ್ಲಿ 315 ಮೆಗಾಹರ್ಟ್ಸ್‌ನಲ್ಲಿ, ಮರಳಿ ಕಳುಹಿಸುತ್ತದೆ. ಉತ್ತರ ಸರಿಯಿದ್ದರೆ ಬೀಗ ತೆರೆಯುತ್ತದೆ. ಇಷ್ಟೆಲ್ಲ ನಡೆಯುವುದು ನಾವು ಹಿಡಿಕೆ ಎಳೆದು ಮುಗಿಸುವುದರೊಳಗೆ. ಮೊಬೈಲ್‌ಗಳ ವೈರ್‌ಲೆಸ್ ಚಾರ್ಜರ್ ಕೆಲಸ ಮಾಡುವುದು ಇದೇ 125 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ. ಅದರ ಪಕ್ಕದಲ್ಲಿ ಕಾರ್ಡ್ ಇಟ್ಟಾಗ ಡ್ಯಾಶ್‌ಬೋರ್ಡಿನಲ್ಲಿ ಕಾರ್ಡ್ ಸಿಗುತ್ತಿಲ್ಲ ಎಂಬ ಎಚ್ಚರಿಕೆ ಬಂದರೆ ಕಾರ್ಡ್ ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ. ಒಂದು ಗೇಣು ದೂರ ಸರಿಸಿದರೆ ಸಾಕಾಗುತ್ತದೆ.

ಬ್ಯಾಟರಿಯ ವಿಚಾರವನ್ನು ಬೇಗ ಮುಗಿಸಬಹುದು. ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ತೊಂದರೆಯಿಲ್ಲ. ಸಿಆರ್2032 ಎಂಬ ಸಂಖ್ಯೆಯಲ್ಲಿ 20 ಎಂದರೆ ಮಿಲಿಮೀಟರಿನಲ್ಲಿ ವ್ಯಾಸ, 32 ಎಂದರೆ 3.2 ಮಿಲಿಮೀಟರ್ ದಪ್ಪ; ಅದೇ ಅಗಲದ ಸಿಆರ್2016 ಕೂಡ ಖಾನೆಯೊಳಗೆ ಇಳಿಯುತ್ತದಾದರೂ ಅರ್ಧದಷ್ಟೇ ದಪ್ಪವಿರುವುದರಿಂದ ಸಂಪರ್ಕ ಸಡಿಲವಾಗುತ್ತದೆ. ಮಕ್ಕಳು ನುಂಗದಿರಲೆಂದು ಕಹಿ ಲೇಪನ ಹಚ್ಚಿದ ಬ್ಯಾಟರಿಗಳು ಕೆಲವು ಸಾಧನಗಳಲ್ಲಿ ಸರಿಯಾಗಿ ಸಂಪರ್ಕ ಕೊಡುವುದಿಲ್ಲ, ಕೊಳ್ಳುವಾಗ ಅದನ್ನೂ ಗಮನಿಸಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ತೆಗೆದ ಹಳೆಯ ಬ್ಯಾಟರಿಯನ್ನು ಮೇಜಿನ ಮೇಲೆ ಬಿಡಲೇಬಾರದು. ನುಂಗಿದ ಗುಂಡಿ ಬ್ಯಾಟರಿ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು.

ಬ್ಯಾಟರಿ ಪೂರ್ತಿ ಖಾಲಿಯಾದರೂ ಕಾರು ಚಾಲೂ ಆಗುತ್ತದೆ ಎಂಬುದು ಬಳಕೆದಾರರಲ್ಲಿ ಅನೇಕರಿಗೆ ಗೊತ್ತಿಲ್ಲ. ತುರ್ತು ಕೀಲಿಯಿಂದ ಬಾಗಿಲು ತೆರೆದು, ಕಾರ್ಡನ್ನು ಅದಕ್ಕೆಂದೇ ಇರುವ ಸೀಳಿನಲ್ಲಿ ತೂರಿಸಿದರೆ, ಅಥವಾ ಕೈಪಿಡಿಯಲ್ಲಿ ತೋರಿಸಿರುವ ಜಾಗಕ್ಕೆ ತಾಗಿಸಿದರೆ, ಒಳಗಿನ ಟ್ರಾನ್ಸ್‌ಪಾಂಡರ್ ಚಿಪ್ ಕಾರಿನ ಕಾಂತಕ್ಷೇತ್ರದಿಂದಲೇ ಶಕ್ತಿ ಪಡೆದು ತನ್ನ ಗುರುತನ್ನು ಹೇಳುತ್ತದೆ. ಕೆಲವು ಕಾರುಗಳಲ್ಲಿ ಬಾಗಿಲಿನ ಕೀಲಿರಂಧ್ರವು ಹಿಡಿಕೆಯ ಪಕ್ಕದ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಅಡಗಿರುತ್ತದೆ. ಅದನ್ನು ಬಿಡುವಿನ ದಿನವೊಂದರಲ್ಲಿ ತೆಗೆದು ನೋಡಿ, ಕೀಲಿ ತಿರುಗುತ್ತದೆಯೇ ಎಂದು ಪರೀಕ್ಷಿಸಿಡುವುದು ಒಳ್ಳೆಯದು. ಕಾರಿನ ದೊಡ್ಡ ಬ್ಯಾಟರಿಯೇ ಸತ್ತಾಗ ಒಳಗೆ ಹೋಗಲು ಉಳಿಯುವ ದಾರಿಯೂ ಅದೊಂದೇ.

ನನ್ನ ಎರಡು ಕಾರ್ಡ್‌ಗಳಲ್ಲಿ ಒಂದು ಕೆಟ್ಟದ್ದು ಒಮ್ಮೆಲೇ ಅಲ್ಲ. ಮೊದಲು ಚಳಿಯ ಬೆಳಗುಗಳಲ್ಲಿ ಮಾತ್ರ ಹಿಡಿಕೆ ಸ್ಪಂದಿಸುತ್ತಿರಲಿಲ್ಲ, ಗುಂಡಿ ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಹೊಸ ಬ್ಯಾಟರಿ ಹಾಕಿದರೂ ವ್ಯತ್ಯಾಸವಾಗಲಿಲ್ಲ. ಈ ಲಕ್ಷಣ ಗಮನಾರ್ಹ: ಗುಂಡಿಗಳು ಸರಿಯಾಗಿದ್ದು ಹಿಡಿಕೆಯ ಸ್ಪರ್ಶಕ್ಕೆ ಮಾತ್ರ ಪ್ರತಿಕ್ರಿಯೆ ಇಲ್ಲವೆಂದರೆ, ಉತ್ತರ ಕಳುಹಿಸುವ ಭಾಗ ಚೆನ್ನಾಗಿದೆ, ಪ್ರಶ್ನೆ ಕೇಳಿಸಿಕೊಳ್ಳುವ ಭಾಗದಲ್ಲಿ ದೋಷವಿದೆ ಎಂದರ್ಥ. ಇನ್ನೊಂದು ಕಾರ್ಡಿಗೆ ಬಾಗಿಲು ಎಂದಿನಂತೆ ತೆರೆಯುತ್ತಿದ್ದುದರಿಂದ ದೋಷ ಕಾರಿನದಲ್ಲ ಎಂಬುದೂ ಖಚಿತವಾಯಿತು. ಎಲೆಕ್ಟ್ರಾನಿಕ್ಸ್ ರಿಪೇರಿ ಬಲ್ಲವರೊಬ್ಬರು ಕಾರ್ಡನ್ನು ಬಿಚ್ಚಿ, ಭೂತಕನ್ನಡಿಯಲ್ಲಿ ಸುರುಳಿಯ ಕಾಲಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕನ್ನು ತೋರಿಸಿ, ಮತ್ತೆ ಬೆಸೆದು ಕೊಟ್ಟರು. ಕಾರ್ಡಿನ ನೆನಪು ಚಿಪ್ಪಿನಲ್ಲಿ ಹಾಗೆಯೇ ಇದ್ದುದರಿಂದ ಯಾವ ಪ್ರೋಗ್ರಾಮಿಂಗೂ ಬೇಕಾಗಲಿಲ್ಲ. ಹೊರಕವಚ ಒಡೆದವರಿಗೂ ಇದೇ ಮಾತು ಅನ್ವಯಿಸುತ್ತದೆ. ಸರ್ಕ್ಯೂಟ್ ಬೋರ್ಡ್ ಸರಿಯಿದ್ದರೆ ಅದನ್ನು ಹೊಸ ಕವಚಕ್ಕೆ ವರ್ಗಾಯಿಸಿದರೆ ಆಯಿತು. ಇಡೀ ಕಾರ್ಡ್ ಬದಲಿಸಬೇಕೆಂದು ಯಾರಾದರೂ ಹೇಳಿದರೆ ಕಾರಣ ಕೇಳುವ ಹಕ್ಕು ನಮಗಿದೆ.

ಆ ರಿಪೇರಿ ಸಾಕಷ್ಟು ಕಾಲ ಬಾಳಿತು. ನಂತರ ಬೋರ್ಡಿನಲ್ಲೇ ಬೇರೆ ಕಡೆ ಬಿರುಕು ಬಂದಾಗ ಹೊಸ ಕಾರ್ಡ್ ಮಾಡಿಸಲು ನಿರ್ಧರಿಸಿದೆ.

ಹೊಸ ಕಾರ್ಡ್ ಎಂದರೆ ಹೊಸ ಪ್ಲಾಸ್ಟಿಕ್ ತುಂಡು ಕೊಳ್ಳುವುದಲ್ಲ, ಕಾರಿನ ನೆನಪಿನಲ್ಲಿ ಹೊಸ ಗುರುತೊಂದನ್ನು ಬರೆಸುವುದು. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇಮೊಬಿಲೈಜರ್ ಕಡ್ಡಾಯವಾಯಿತು. ನೋಂದಾಯಿತ ಚಿಪ್ ಸಿಗದಿದ್ದರೆ ಎಂಜಿನ್ ಚಾಲೂ ಆಗದಂತೆ ತಡೆಯುವ ವ್ಯವಸ್ಥೆ ಅದು. ಆದ್ದರಿಂದ ಸರ್ವಿಸ್ ಸೆಂಟರಿನವರು ಮೊದಲು ಕೇಳುವುದು ಕಾರಿನ ನೋಂದಣಿ ಪತ್ರ, ಮಾಲೀಕರ ಗುರುತಿನ ಚೀಟಿ ಮತ್ತು 17 ಅಕ್ಷರ-ಅಂಕಿಗಳ ಚಾಸಿ ನಂಬರ್. ಈ ವಿಚಾರಣೆಯನ್ನು ಕಿರಿಕಿರಿ ಎಂದು ನಾನು ಭಾವಿಸುವುದಿಲ್ಲ. ಏನನ್ನೂ ಕೇಳದೆ ಕಾರ್ಡ್ ಮಾಡಿಕೊಡುವವರು ಇನ್ನೊಬ್ಬರಿಗೂ ನನ್ನ ಕಾರಿನ ಕಾರ್ಡನ್ನು ಹಾಗೆಯೇ ಮಾಡಿಕೊಟ್ಟಾರು. ಚಾಸಿ ನಂಬರಿನ ಆಧಾರದ ಮೇಲೆ ಕಾರ್ಡ್ ತರಿಸುತ್ತಾರೆ, ತುರ್ತು ಕೀಲಿಯನ್ನು ಆ ಕಾರಿನ ಸಂಖ್ಯೆಗೆ ತಕ್ಕಂತೆ ಕೊರೆಸುತ್ತಾರೆ, ಕಾರು ಸೆಂಟರಿಗೆ ಬಂದ ಮೇಲೆ ದೋಷಪತ್ತೆಯ ಸಾಕೆಟ್ಟಿಗೆ ಯಂತ್ರ ಜೋಡಿಸಿ ಭದ್ರತಾ ಸಂಖ್ಯೆಯ ಮೂಲಕ ನೋಂದಾಯಿಸುತ್ತಾರೆ. ನೋಂದಣಿಯ ನಡುವೆ ಕಾರಿನ ಬ್ಯಾಟರಿ ಕುಸಿದರೆ ಕೆಲಸ ಕೆಡುವುದರಿಂದ, ಅನುಭವಸ್ಥ ಮೆಕ್ಯಾನಿಕ್ ಮೊದಲು ಚಾರ್ಜರ್ ಹಚ್ಚಿಯೇ ಮುಂದುವರಿಯುತ್ತಾನೆ.

ಇಲ್ಲಿ ಬಹಳ ಮುಖ್ಯವಾದ ವಿಷಯವೊಂದಿದೆ. ನನ್ನ ಕಾರಿನಂತಹ ಅನೇಕ ಕಾರುಗಳಲ್ಲಿ ನೋಂದಣಿ ಎಂದರೆ ಪಟ್ಟಿಗೆ ಒಂದು ಹೆಸರು ಸೇರಿಸುವುದಲ್ಲ, ಇಡೀ ಪಟ್ಟಿಯನ್ನು ಹೊಸದಾಗಿ ಬರೆಯುವುದು. ಹಾಜರಿ ಕರೆದಾಗ ಎದುರಿಗಿಲ್ಲದವರ ಹೆಸರನ್ನು ಹೊಡೆದುಹಾಕಿದಂತೆ, ಆ ಹೊತ್ತಿನಲ್ಲಿ ಒಯ್ಯದೆ ಮನೆಯಲ್ಲಿ ಬಿಟ್ಟ ಕಾರ್ಡ್ ಮರುದಿನದಿಂದ ಆ ಕಾರಿಗೆ ಅಪರಿಚಿತವಾಗುತ್ತದೆ. ಹಾಗಾಗಿ ಇರುವ ಕಾರ್ಡ್‌ಗಳನ್ನೆಲ್ಲ ಒಯ್ಯಬೇಕು. ಕಳೆದುಹೋದ ಕಾರ್ಡ್ ಬೇರೆಯವರ ಕೈಯಲ್ಲಿದ್ದರೆ ಅದನ್ನು ನಿರುಪಯುಕ್ತಗೊಳಿಸುವ ದಾರಿಯೂ ಇದೇ ಆಗಿದೆ. ಆದರೆ ಪಟ್ಟಿಯಿಂದ ತೆಗೆದ ಮಾತ್ರಕ್ಕೆ ಅದರ ಲೋಹದ ಕೀಲಿ ಬಾಗಿಲನ್ನು ತೆರೆಯುವುದು ನಿಲ್ಲುವುದಿಲ್ಲ, ಎಂಜಿನ್ ಚಾಲೂ ಆಗುವುದು ಮಾತ್ರ ನಿಲ್ಲುತ್ತದೆ. ಬೆಲೆಬಾಳುವ ವಸ್ತುಗಳನ್ನು ಕಾರಿನಲ್ಲಿಡುವವರು ಬೀಗದ ಸಿಲಿಂಡರನ್ನೂ ಬದಲಿಸುವ ಯೋಚನೆ ಮಾಡಬೇಕು.

ಹಳೆಯ ಕಾರ್ಡ್‌ಗಳನ್ನು ಅಗ್ಗಕ್ಕೆ ಮಾರುವವರಿಂದ ಕೊಳ್ಳಬಾರದು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಒಂದು ಕಾರಿಗೆ ನೋಂದಾಯಿತವಾದ ಚಿಪ್ ಸಾಮಾನ್ಯವಾಗಿ ಅಲ್ಲಿಗೇ ಬೀಗ ಹಾಕಿಕೊಂಡಿರುತ್ತದೆ, ಇನ್ನೊಂದನ್ನು ಕಲಿಯುವುದಿಲ್ಲ. ಹೊಸದಾದರೂ ಆವರ್ತನ ಬೇರೆಯಿರಬಹುದು; ನೋಡಲು ಒಂದೇ ತರಹವಿದ್ದು ಹಿಡಿಕೆಯ ಸ್ಪರ್ಶಕ್ಕೆ ತೆರೆಯುವ ಸೌಲಭ್ಯವೇ ಇಲ್ಲದ, ಗುಂಡಿಯಿಂದ ಮಾತ್ರ ಕೆಲಸ ಮಾಡುವ ಕಾರ್ಡ್‌ಗಳೂ ಇವೆ. ಸ್ವತಂತ್ರವಾಗಿ ಕೀಲಿ ಮಾಡುವ ಪರಿಣತರಲ್ಲಿ ಎಷ್ಟೋ ಜನ ಈ ಕೆಲಸವನ್ನು ಚೆನ್ನಾಗಿ ಮಾಡುತ್ತಾರೆ, ಅವರಲ್ಲಿಗೆ ಹೋಗಲು ಹಿಂಜರಿಯಬೇಕಿಲ್ಲ. ಎಲ್ಲಿ ಮಾಡಿಸಿದರೂ ಹಣ ಕೊಡುವ ಮುನ್ನ ಕಾರ್ಡನ್ನು ಜೇಬಿನಲ್ಲಿಟ್ಟು ಪ್ರತಿ ಹಿಡಿಕೆಯನ್ನೂ ಮುಟ್ಟಿ ನೋಡಬೇಕು, ಡಿಕ್ಕಿಯನ್ನು ತೆರೆದು ನೋಡಬೇಕು, ಗುಂಡಿಗಳನ್ನು ಒತ್ತಬೇಕು, ಎಂಜಿನ್ ಚಾಲೂ ಮಾಡಬೇಕು, ನಂತರ ಕಾರ್ಡಿನ ಬ್ಯಾಟರಿ ತೆಗೆದು ತುರ್ತು ಜಾಗದಲ್ಲಿಟ್ಟು ಇನ್ನೊಮ್ಮೆ ಚಾಲೂ ಮಾಡಬೇಕು, ಕೊನೆಗೆ ಲೋಹದ ಕೀಲಿಯನ್ನು ಬಾಗಿಲಿನಲ್ಲಿ ತಿರುಗಿಸಬೇಕು. ನನಗೆ ಮೊದಲು ಕೊಟ್ಟ ಕಾರ್ಡಿನಲ್ಲಿ ಬೇರೆಲ್ಲ ಸರಿಯಿದ್ದು, ಕೀಲಿಯನ್ನು ಮಾತ್ರ ಕೊರೆದೇ ಇರಲಿಲ್ಲ. ಕೇಳಿದ ಮೇಲೆ ಮರುಮಾತಿಲ್ಲದೆ ಮಾಡಿಕೊಟ್ಟರು, ಆದರೆ ಕೇಳದಿದ್ದರೆ ಅದು ಗೊತ್ತಾಗುತ್ತಿದ್ದುದು ಬಾಗಿಲು ತೆರೆಯದ ದಿನವೇ.

ಇರುವ ಕಾರ್ಡ್‌ಗಳೆಲ್ಲ ಕಳೆದುಹೋದವರ ಪಾಡು ಬೇರೆ. ಕಾರನ್ನು ಎಳೆದೊಯ್ಯಿಸಬೇಕು ಅಥವಾ ಪರಿಣತರನ್ನು ಕಾರಿದ್ದಲ್ಲಿಗೇ ಕರೆಸಬೇಕು, ಖರ್ಚೂ ಸಮಯವೂ ಹೆಚ್ಚುತ್ತವೆ. ಬ್ಯಾಟರಿಯಿಲ್ಲದ ಎನ್‌ಎಫ್‌ಸಿ ಕಾರ್ಡಿನವರು ಈ ವಿಷಯದಲ್ಲಿ ಪುಣ್ಯವಂತರು: ಟೆಸ್ಲಾದಂಥ ಕಾರುಗಳಲ್ಲಿ ಮಾಲೀಕರೇ ಪರದೆಯ ಮೂಲಕ ಹೊಸ ಕಾರ್ಡನ್ನು ಸೇರಿಸಬಹುದು, ಕಳೆದದ್ದನ್ನು ಅಳಿಸಬಹುದು. ಹೊಸದನ್ನು ಸೇರಿಸುವಾಗ ಒಪ್ಪಿಗೆಗೆ ಈಗಾಗಲೇ ನೋಂದಾಯಿತವಾದ ಇನ್ನೊಂದು ಕೀ ಬೇಕಾಗುತ್ತದೆಂಬುದನ್ನು ಅವರೂ ನೆನಪಿಡಬೇಕು.

ಸುರಕ್ಷತೆಯಲ್ಲಿ ಈ ವ್ಯವಸ್ಥೆಗೆ ನಾನು ಪೂರ್ಣ ಅಂಕ ಕೊಡಲಾರೆ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಮಂಡಿಸಿದ ಪ್ರಬಂಧದಲ್ಲಿ 8 ತಯಾರಕರ 10 ಮಾದರಿಯ ಕಾರುಗಳನ್ನು ಪರೀಕ್ಷಿಸಿ, ಮನೆಯೊಳಗಿನ ಕೀಲಿಯ ಸಂಕೇತವನ್ನು ಹೊರಗಿನ ಕಾರಿಗೆ ಮಧ್ಯವರ್ತಿ ಉಪಕರಣದಿಂದ ದಾಟಿಸಿ ಬಾಗಿಲು ತೆರೆಯಬಹುದು, ಎಂಜಿನನ್ನೂ ಚಾಲೂ ಮಾಡಬಹುದು ಎಂದು ತೋರಿಸಿದರು. ಇದರಲ್ಲಿ ಗೂಢಲಿಪಿಯನ್ನು ಒಡೆಯುವ ಅಗತ್ಯವೇ ಇಲ್ಲ, ದೂರವನ್ನು ಮರೆಮಾಚಿದರೆ ಸಾಕು. ಸಂಕೇತ ಹೋಗಿಬರುವ ಸಮಯವನ್ನೇ ಅಳೆದು ದೂರವನ್ನು ಪರಿಶೀಲಿಸುವ ಅಲ್ಟ್ರಾ ವೈಡ್‌ಬ್ಯಾಂಡ್ ವಿಧಾನವು ಇತ್ತೀಚಿನ ಕಾರುಗಳಲ್ಲಿ ಬರುತ್ತಿದೆ. ಕೆಲವು ಕೀಲಿಗಳಲ್ಲಿ ಚಲನೆ ನಿಂತ ಸ್ವಲ್ಪ ಹೊತ್ತಿಗೆ ನಿದ್ರಿಸುವ ವ್ಯವಸ್ಥೆಯೂ ಇದೆ. ಹಳೆಯ ಕಾರ್ಡ್ ಇಟ್ಟುಕೊಂಡಿರುವ ನಮ್ಮಂಥವರು ರಾತ್ರಿ ಅದನ್ನು ಸಂಕೇತ ತಡೆಯುವ ಲೋಹದ ಪದರದ ಚೀಲದಲ್ಲಿಡಬಹುದು, ಅಥವಾ ಕಾರಿನ ಸೆಟ್ಟಿಂಗ್‌ನಲ್ಲಿ ಅವಕಾಶವಿದ್ದರೆ ಸ್ಪರ್ಶದಿಂದ ತೆರೆಯುವುದನ್ನು ನಿಲ್ಲಿಸಿಡಬಹುದು. ಹೊಸ ಕಾರ್ಡ್ ಮಾಡಿಸಿದ ದಿನದಿಂದ ನಾನು ಚೀಲವನ್ನೇ ಬಳಸುತ್ತಿದ್ದೇನೆ. ಎರಡು ಕಾರ್ಡ್‌ಗಳನ್ನೂ ಆಗಾಗ ಅದಲುಬದಲು ಮಾಡಿ ಬಳಸುವುದರಿಂದ ಎರಡರ ಸ್ಥಿತಿಯೂ ತಿಳಿಯುತ್ತಿರುತ್ತದೆ.

ಬಳಸಿದ ಕಾರು ಕೊಳ್ಳುವವರು ಮಾರುವವರಿಂದ ಎರಡೂ ಕಾರ್ಡ್‌ಗಳನ್ನು ಕೇಳಿ ಪಡೆಯಬೇಕು. ಒಂದೇ ಸಿಕ್ಕಿದರೆ ಹೊಸ ಕಾರ್ಡಿನ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಬೇಕು, ಮತ್ತು ಕಾರು ಕೈಗೆ ಬಂದೊಡನೆ ಪಟ್ಟಿಯನ್ನು ಹೊಸದಾಗಿ ಬರೆಸಬೇಕು, ಏಕೆಂದರೆ ಕಾಣದಿರುವ ಇನ್ನೊಂದು ಕಾರ್ಡ್ ಎಲ್ಲೋ ಯಾರದೋ ಬಳಿ ಈಗಲೂ ಕೆಲಸ ಮಾಡುತ್ತಿರಬಹುದು. ನನ್ನ ಕಾರಿನಲ್ಲಿ ನಾಲ್ಕು ಕಾರ್ಡ್‌ಗಳವರೆಗೆ ನೋಂದಾಯಿಸಲು ಅವಕಾಶವಿದೆ, ಆದರೆ ಸದ್ಯ ಎಷ್ಟು ನೋಂದಾಯಿತವಾಗಿವೆ ಎಂಬುದನ್ನು ತಿಳಿಯಬೇಕೆಂದರೆ ಸರ್ವಿಸ್ ಸೆಂಟರಿನ ಯಂತ್ರವೇ ಬೇಕು. ತಯಾರಕರು ಈ ಒಂದು ಸಂಖ್ಯೆಯನ್ನು ಡ್ಯಾಶ್‌ಬೋರ್ಡಿನ ಪರದೆಯಲ್ಲೇ ಮಾಲೀಕರಿಗೆ ತೋರಿಸಬೇಕು ಎಂಬುದು ಈ ಕಾರ್ಡಿನ ಬಗ್ಗೆ ನನಗಿರುವ ಅತಿ ದೊಡ್ಡ ಬೇಡಿಕೆ.