ಪ್ರಿಲಿಮ್ಸ್ ಕೇಸಿಗೆ ಫೈಲ್ ಮಾಡಿಸಿದ ಝೆರಾಕ್ಸ್ ಅಂಗಡಿ

ಅಂಗಡಿ ಹೆಸರು ಹಾಕಿದರೆ ಅದನ್ನು ನಡೆಸುವ ಅಣ್ಣ ಬೈಯುತ್ತಾರೆ, ಬೇಡ ಬಿಡಿ. ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರ್‌ಗಳ ಮಧ್ಯೆ, ಬೇಕರಿಗೆ ಅಂಟಿಕೊಂಡಿದೆ. ಎಲ್ಲರೂ ನೋಟ್ಸ್ ತೆಗೆಸಲು ಹೋಗುತ್ತಾರೆ. ನಾನು ಹೋಗಿದ್ದು ಕೇಸ್ ಪೇಪರ್ ಹಿಡಿದುಕೊಂಡು.

ಸರ್ಕಾರಿ ಹುದ್ದೆಯ ಪೂರ್ವಭಾವಿ ಪರೀಕ್ಷೆ, ಅಂದರೆ ಪ್ರಿಲಿಮ್ಸ್‌ನಲ್ಲಿ ಕಟ್‌ಆಫ್‌ಗೆ ಒಂದೂವರೆ ಅಂಕ ಕಡಿಮೆ ಬಂತು. ಪರೀಕ್ಷೆ ನಡೆಸಿದವರು ಕೊಟ್ಟ ಕೀ ಉತ್ತರಗಳಲ್ಲಿ ಎರಡು ತಪ್ಪು ಅನ್ನೋದು ನನ್ನ ವಾದ. ಯಾವ ಪರೀಕ್ಷೆ ಅಂತ ಕೇಳಬೇಡಿ, ಕೇಸ್ ನಡೆಯುತ್ತಿದೆ. ಈ ಅಂಕ ಕೊನೆಯ ಆಯ್ಕೆಪಟ್ಟಿಯ ಲೆಕ್ಕಕ್ಕೂ ಬರುವುದಿಲ್ಲ, ಬರೀ ಜರಡಿ. ಆದರೆ ಜರಡಿ ದಾಟದಿದ್ದರೆ ಮೇನ್ಸ್ ಎಲ್ಲಿಂದ ಬರಬೇಕು?

ನೇರ ಹೈಕೋರ್ಟಿಗೇ ಹೋಗೋಣ ಅಂದುಕೊಂಡಿದ್ದೆ. 'ಸುಪ್ರೀಂ ಕೋರ್ಟಿನ 1997ರ ಚಂದ್ರಕುಮಾರ್ ತೀರ್ಪು ಇದೆಯಲ್ಲಮ್ಮ, ಮೊದಲು ಕೆಎಟಿ, ಅಂದರೆ ಸರ್ಕಾರಿ ನೌಕರಿ ತಕರಾರುಗಳ ನ್ಯಾಯಮಂಡಳಿ, ಆಮೇಲೆ ಹೈಕೋರ್ಟ್' ಅಂದಿದ್ದು ಈ ಅಣ್ಣನೇ. ವಕೀಲರೂ ಅದನ್ನೇ ಹೇಳಿದರು, ಫೀಸ್ ತಗೊಂಡು. 384 ಕೆಎಎಸ್ ಹುದ್ದೆಗಳ ಪ್ರಿಲಿಮ್ಸ್ 2024ರ ಆಗಸ್ಟ್ 27ಕ್ಕೆ ನಡೆದು, ಕನ್ನಡ ಅನುವಾದ ಕೆಟ್ಟು, ಡಿಸೆಂಬರ್ 29ಕ್ಕೆ ಮತ್ತೆ ನಡೆದು, ಆಗಲೂ ಅದೇ ಗಲಾಟೆಯಾಯಿತಲ್ಲ, ಆಗ ಅಣ್ಣನ ಮೆಷಿನ್‌ಗೆ ಪುರುಸೊತ್ತೇ ಇರಲಿಲ್ಲವಂತೆ.

ಹಾಳೆ ಜೋಡಿಸುತ್ತಿದ್ದ ಅಣ್ಣ ತಟ್ಟನೆ ಕೈ ನಿಲ್ಲಿಸಿದರು. 'ಏನಮ್ಮಾ, ನಿನ್ನ ಓಎಂಆರ್ ಉತ್ತರ ಹಾಳೆ ಬಿ ಸೀರೀಸ್. ತಂದಿರೋ ಕೀ ಸಿ ಸೀರೀಸ್‌ದು.' ನೋಡಿದರೆ ನಿಜ. ಸೀರೀಸ್ ಬದಲಾದರೆ ಪ್ರಶ್ನೆ ನಂಬರ್‌ಗಳೇ ಬೇರೆ. ನಾನೂ ನೋಡಿರಲಿಲ್ಲ, ವಕೀಲರ ಜೂನಿಯರೂ ನೋಡಿರಲಿಲ್ಲ. ಕೀ ಉತ್ತರ ಸರಿ ಇದೆ ಅಂತಲೇ ಕೋರ್ಟ್ ಹೊರಡುವುದು, ತಪ್ಪಿದ್ದರೆ ಅದು ಎದ್ದು ಕಾಣಬೇಕು ಅಂತ ಸುಪ್ರೀಂ ಕೋರ್ಟ್ 1983ರಲ್ಲೇ ಕಾನ್ಪುರ ವಿಶ್ವವಿದ್ಯಾಲಯದ ಕೇಸಿನಲ್ಲಿ ಹೇಳಿಬಿಟ್ಟಿದೆ. ಅಂಥಲ್ಲಿ ನಾನೇ ತಪ್ಪು ಕೀ ಲಗತ್ತಿಸಿದ್ದರೆ ಕಥೆ ಏನು? ಸಾಕ್ಷಿಗೆ ತಂದಿದ್ದ ಪುಸ್ತಕದ ಪುಟಕ್ಕೂ 'ಮುಖಪುಟ, ಮುದ್ರಣದ ವರ್ಷ ಇರೋ ಹಾಳೆ ಸೇರಿಸು' ಅಂದರು. ಪ್ರಶ್ನೆಪತ್ರಿಕೆ ಮಾಡುವವರಿಗೆ ಇಷ್ಟು ಕಣ್ಣಿದ್ದಿದ್ದರೆ ನಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ, ಅಲ್ವಾ?

ಪುಟಕ್ಕೆ ಎರಡು ರೂಪಾಯಿ, ಸ್ವಲ್ಪ ಜಾಸ್ತಿನೇ. ಕೂರಲು ಜಾಗವಿಲ್ಲ. ಸಂಜೆ ಆರರ ಮೇಲೆ ಹೋದರೆ ಒಂದು ಗಂಟೆ ನಿಲ್ಲಬೇಕು. ದೊಡ್ಡ ತಕರಾರು ಒಂದೇ: ಎಲ್ಲರ ಫೈಲ್‌ಗಳೂ ಅವರ ಡೆಸ್ಕ್‌ಟಾಪ್ ಮೇಲೇ ಬಿದ್ದಿರುತ್ತವೆ. ಯಾರದೋ ಹಾಲ್ ಟಿಕೆಟ್ ಫೋಟೊ ಸಮೇತ ಕಂಡಿತು. ಪ್ರಿಂಟ್ ಆದ ಕೂಡಲೇ ನಿಂತು ಡಿಲೀಟ್ ಮಾಡಿಸಿ, ರೀಸೈಕಲ್ ಬಿನ್‌ನಿಂದಲೂ.