ಅಣ್ಣನ ಗೆಳೆಯ, ಅಪ್ಪನ ಶಿಷ್ಯ, ಅತ್ತೆಯ ಮಗ: ಬೈಕ್ ಕ್ಲಬ್ ಪ್ರೇಮಕಥೆಗೆ ಯಾವ ನಂಟು ಒಗ್ಗುತ್ತದೆ?

ಹದಿನೆಂಟು-ಇಪ್ಪತ್ತರ ವಯಸ್ಸಿನ ಓದುಗರಿಗೆ ಬರೆಯುವ ಪ್ರೇಮಕಥೆಯೊಳಗೆ ಬೈಕ್ ಕ್ಲಬ್ ಬಂದರೆ, ಹುಡುಗನನ್ನು ಹುಡುಗಿಯ ಮನೆಗೆ ಕಟ್ಟಿಹಾಕುವ ಒಂದು ನಂಟು ಬೇಕೇ ಬೇಕು. ಸಾಮಾನ್ಯವಾಗಿ ಸಿಗುವುದು ಮೂರು: ಅವನು ಅಣ್ಣನ ಗೆಳೆಯ, ಇಲ್ಲವೇ ಕ್ಲಬ್ ಕಟ್ಟಿದ ಅಪ್ಪನ ಕೈಯಲ್ಲಿ ಪಳಗಿದವನು, ಇಲ್ಲವೇ ಅತ್ತೆಯ ಮಗ. ಮೂರರಲ್ಲೂ ಒಂದೇ ದೃಶ್ಯವನ್ನು ಬರೆದು ನೋಡಿದೆವು. ಜುಲೈ ತಿಂಗಳು, ಶಿರಸಿಯಿಂದ ಕುಮಟಾಕ್ಕೆ ಇಳಿಯುವ ದೇವಿಮನೆ ಘಟ್ಟ, ಬಸ್ಸು ತಪ್ಪಿಸಿಕೊಂಡ ಕಾರವಾರದ ಹುಡುಗಿ, ಮೊದಲ ಸಲ ಅವನ ಬೈಕಿನ ಹಿಂದೆ. ಪ್ರತಿ ಸಲ ಸುಮಾರು 1,200 ಪದ. ಮಳೆ, ವಯಸ್ಸು, ಜಾಗ ಬದಲಿಸಲಿಲ್ಲ. ಮೊದಲು ನಂಟನ್ನು ಮಾತ್ರ ಬದಲಿಸಿದೆವು, ಆಮೇಲೆ ಬೈಕನ್ನು.

ಮೂರನ್ನೂ ಒಟ್ಟಿಗಿಟ್ಟು ಓದಿದಾಗ ಕಂಡದ್ದು ಇಷ್ಟು: ಕನ್ನಡದಲ್ಲಿ ಈ ಕಥೆ ನಿಲ್ಲುವುದೂ ಬೀಳುವುದೂ ಅವಳು ಅವನನ್ನು ಏನೆಂದು ಕರೆಯುತ್ತಾಳೆ ಎಂಬುದರ ಮೇಲೆ.

ಅಣ್ಣನ ಗೆಳೆಯನಿಂದ ಶುರು ಮಾಡೋಣ. ಇಂಗ್ಲಿಷ್ ಕಥೆಗಳಲ್ಲಿ ಇದು ಸಲೀಸು. ಅಲ್ಲಿ ಹುಡುಗಿ ಅವನ ಹೆಸರು ಹಿಡಿದು ಕರೆದರೆ ಮುಗಿಯಿತು. ನಮ್ಮಲ್ಲಿ ಅಣ್ಣನ ಗೆಳೆಯನೂ ಅಣ್ಣನೇ. ಕ್ಲಬ್ಬಿನ ಹನ್ನೆರಡು ಹುಡುಗರೂ ಅವಳಿಗೆ ಅಣ್ಣಂದಿರು, ಅವರಿಗೆಲ್ಲ ಅವಳು ತಂಗಿ. ಮೊದಲ ಕರಡಿನಲ್ಲಿ ಅವಳು "ಬೇಡ ಅಣ್ಣ, ನಾನು ಮುಂದಿನ ಬಸ್ಸಿಗೆ ಹೋಗ್ತೆ" ಎಂದಳು. ಆ ಒಂದು ಪದಕ್ಕೆ ದೃಶ್ಯ ಸತ್ತುಹೋಯಿತು. ಅದನ್ನು ತೆಗೆದು ಹೆಸರು ಹಾಕಿದರೆ ಅವಳು ಕಾರವಾರದವಳೇ ಅಲ್ಲ ಎನಿಸುತ್ತದೆ. ಕೆಲಸಕ್ಕೆ ಬಂದ ಉಪಾಯ ಒಂದೇ: ಅವಳು ಅವನನ್ನು ಏನೂ ಕರೆಯದಿರುವುದು. ಮೊದಲೆರಡು ಅಧ್ಯಾಯಗಳಲ್ಲಿ ಎಲ್ಲರನ್ನೂ ಬಾಯ್ತುಂಬ ಅಣ್ಣ ಎನ್ನುವವಳು ಮೂರನೆಯದರಿಂದ ಇವನೊಬ್ಬನ ಎದುರು ಆ ಪದ ನುಂಗುತ್ತಾಳೆ. "ಹೋಯ್", "ಕೇಳಿಲ್ಲಿ", ಇಲ್ಲವೇ ಬರೀ ಮಾತು. ಇದನ್ನು ಕಥೆಗಾರ ಎತ್ತಿ ಹೇಳಬಾರದು, ಓದುಗನಿಗೇ ಹೊಳೆಯಬೇಕು. ಆದರೆ ಇದಕ್ಕೆ ಕನಿಷ್ಠ ನಾಲ್ಕೈದು ಜನರಿರುವ ದೃಶ್ಯಗಳು ಬೇಕು. ಇಬ್ಬರೇ ಇರುವ ಘಟ್ಟದ ದೃಶ್ಯದಲ್ಲಿ ಹೋಲಿಸಲು ಇನ್ನೊಬ್ಬ ಅಣ್ಣ ಇರುವುದಿಲ್ಲವಾದ್ದರಿಂದ ಉಪಾಯ ಅಲ್ಲಿ ಅರ್ಧವೇ ಫಲಿಸಿತು.

ಅತ್ತೆಯ ಮಗನ ಕಥೆ ಬೇಗ ಮುಗಿಸಬಹುದು. ಅವನು ಘಟ್ಟದ ಮೇಲಿನವ, ಬೈಕಿನ ನಂಬರು ಶಿರಸಿಯ ಕೆಎ-31. ಅವಳ ಅಣ್ಣನ ಕ್ಲಬ್ಬಿನ ಬೈಕುಗಳೆಲ್ಲ ಕಾರವಾರದ ಕೆಎ-30. ಎರಡು ಕ್ಲಬ್ಬುಗಳ ಪೈಪೋಟಿಗೆ ಹೇಳಿಮಾಡಿಸಿದಂತಿದೆ. ತೊಡಕು "ಭಾವ" ಎಂಬ ಪದದಲ್ಲಿದೆ. ಅವಳು ಹಾಗೆ ಕರೆದ ಕೂಡಲೇ ಓದುಗ ಮದುವೆ ಛತ್ರದವರೆಗೂ ಹೋಗಿ ಬರುತ್ತಾನೆ. ತಡೆ ಬೇಕೆಂದು ಎರಡು ಮನೆಗಳ ನಡುವೆ ತೋಟದ ಪಾಲಿನ ಜಗಳ ತಂದೆವು. ಆಗ ಕಥೆ ಅಡಿಕೆ ತೋಟ, ತೋಟಕ್ಕೆ ಸೊಪ್ಪು ಕಡಿಯುವ ಸೊಪ್ಪಿನ ಬೆಟ್ಟ, ವಕೀಲರ ಮನೆ ಎಂದು ಅಲೆದು, ಬೈಕು ಅಂಗಳದ ಮೂಲೆ ಸೇರಿತು. ಒಳ್ಳೆಯ ಕಾದಂಬರಿಯಾದೀತು, ಬೈಕ್ ಕ್ಲಬ್ ಕಾದಂಬರಿ ಆಗದು.

ಗೆದ್ದದ್ದು ಅಪ್ಪನ ಶಿಷ್ಯ. ಕಾರಣ ಸರಳ: ಇಲ್ಲಿ ಅವನು ಅಪ್ಪನಿಗೆ "ಸರ್" ಎನ್ನುತ್ತಾನೆ, ಮಗಳಿಗೆ "ನೀವು" ಎನ್ನುತ್ತಾನೆ. "ನೀವು" ಇದ್ದಲ್ಲಿ "ನೀನು" ಆಗುವ ದಾರಿ ತೆರೆದಿರುತ್ತದೆ. ಇಂಗ್ಲಿಷಿನ ಬೈಕ್ ಕ್ಲಬ್ ಕಥೆಗಾರರಿಗೆ ಇಲ್ಲದ ಸಲಕರಣೆ ಇದು, ನಮಗೆ ಬಿಟ್ಟಿಯಾಗಿ ಸಿಕ್ಕಿದೆ.

ಆ ದಾರಿ ಎಲ್ಲಿ ದಾಟಬೇಕು ಎಂಬುದನ್ನು ಬೈಕೇ ತೀರ್ಮಾನಿಸಿತು. ಮೊದಲು ಈಗಿನ ಬುಲೆಟ್ 350 ಕೊಟ್ಟೆವು. ಫೋರ್ ಸ್ಟ್ರೋಕ್ ಎಂಜಿನ್. ಎರಡನೇ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ವೇಗ ಹಿಡಿದಿಡುತ್ತದೆ, ಇಳಿಜಾರು ನಿಶ್ಚಿಂತೆ. ದೃಶ್ಯವೂ ನಿಶ್ಚಿಂತೆಯಾಗಿ ತೂಕಡಿಸಿತು. ಆಮೇಲೆ ಅಪ್ಪನ ಹಳೆಯ ಯೆಜ್ಡಿ ರೋಡ್‌ಕಿಂಗ್ ಕೊಟ್ಟೆವು. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತಿತು, ಹಾಗಾಗಿ ರಸ್ತೆಯ ಮೇಲಿರುವ ಯಾವ ರೋಡ್‌ಕಿಂಗಿಗೂ ಹುಡುಗನಿಗಿಂತ ಹೆಚ್ಚು ವಯಸ್ಸು. ಅದು ಯಾರದೋ ಅಪ್ಪನದೇ ಆಗಿರಬೇಕು. ನಂಟು ಗಾಡಿಯಲ್ಲೇ ಇದೆ. ಕಿಕ್ ಹೊಡೆಯುವ ಲಿವರನ್ನೇ ಮಡಿಸಿದರೆ ಅದೇ ಗೇರ್ ಲಿವರ್. ಗೊತ್ತಿಲ್ಲದವರು ಸ್ಟಾರ್ಟ್ ಮಾಡಲು ತಡಕಾಡುವುದನ್ನು ಒಂದು ಸಾಲಿನಲ್ಲಿ ತೋರಿಸಿದರೆ, ಗಾಡಿ ಯಾರ ಕೈಗೆ ಒಗ್ಗಿದೆ ಎಂದು ಬೇರೆ ಹೇಳಬೇಕಿಲ್ಲ.

ಈಗ ಘಟ್ಟ ಇಳಿಸಿ. ಯೆಜ್ಡಿಯದು ಟೂ ಸ್ಟ್ರೋಕ್ ಎಂಜಿನ್, ಅದಕ್ಕೆ ಆಯಿಲ್ ಹೋಗುವುದು ಪೆಟ್ರೋಲಿನ ಜೊತೆಗೇ. ಉದ್ದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಇಳಿದರೆ ಪೆಟ್ರೋಲ್ ಕಡಿಮೆ, ಆಯಿಲ್ಲೂ ಕಡಿಮೆ. ಪಿಸ್ಟನ್ ಬಿಸಿಯಾಗಿ ಹಿಡಿದುಕೊಳ್ಳುವ ಭಯ. ಅದಕ್ಕೇ ಬಲ್ಲವರು ಆಗಾಗ ಕ್ಲಚ್ ಹಿಡಿದು ಒಂದೊಂದು ಸಲ ರೇಸ್ ಕೊಡುತ್ತಾರೆ. ಎಂಜಿನ್ನಿನ ತಡೆಯೂ ಬುಲೆಟ್ಟಿನಷ್ಟಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ. ಬ್ರೇಕು ಎರಡೂ ಕಡೆ ಡ್ರಮ್. ಒಳಗೆ ಮಳೆನೀರು ಹೊಕ್ಕರೆ ಮೊದಲ ಒತ್ತಿಗೆ ಹಿಡಿಯುವುದಿಲ್ಲ. ತಿರುವಿಗೆ ಮುಂಚೆಯೇ ಮೆಲ್ಲಗೆ ಒತ್ತಿ ಬಿಟ್ಟು, ಒತ್ತಿ ಬಿಟ್ಟು ಬ್ರೇಕಿನ ಒಳಪಟ್ಟಿ, ಅಂದರೆ ಲೈನರ್, ಒಣಗಿಸಿಕೊಳ್ಳಬೇಕು. ನಮ್ಮ ಹುಡುಗ ಒಂದು ತಿರುವಿನಲ್ಲಿ ಇದನ್ನು ಮರೆಯುತ್ತಾನೆ. ಎದುರಿಗೆ ಲಾರಿಯ ಲೈಟು.

ಘಟ್ಟದ ಮೇಲೆ, ದೇವಿಮನೆ ದೇವಸ್ಥಾನದ ಹತ್ತಿರ ಅವನು ಹೇಳಿದ್ದು: "ಹತ್ತಿ, ಮಳೆ ನಿಲ್ಲೂದಿಲ್ಲ ಇದು."

ತಿರುವಿನಲ್ಲಿ ಅವನ ಬಾಯಿಂದ ಬಂದದ್ದು: "ಗಟ್ಟಿ ಹಿಡ್ಕೋ!"

"ಹಿಡ್ಕೊಳ್ಳಿ" ಎನ್ನಲು ಪುರುಸೊತ್ತಿರಲಿಲ್ಲ. ಕುಮಟಾ ತಲುಪುವವರೆಗೆ ಇಬ್ಬರೂ ಮಾತಾಡುವುದಿಲ್ಲ. ಅವಳ ರೇನ್‌ಕೋಟಿನ ಅಂಚು ಸೈಲೆನ್ಸರಿಗೆ ತಾಗಿ ಕರಗಿದ ವಾಸನೆ ಮಾತ್ರ. ಯೆಜ್ಡಿಗೆ ಎರಡೂ ಬದಿ ಸೈಲೆನ್ಸರ್ ಇರುವುದರಿಂದ ಅವಳು ಹೇಗೆ ಕೂತಿದ್ದರೂ ಇದು ಆಗಬಹುದಾದದ್ದೇ. ಮೂರೂ ಕರಡುಗಳಲ್ಲಿ ಪ್ರೀತಿ ಎಂಬ ಪದವೇ ಇಲ್ಲದೆ ಕೆಲಸ ಆದದ್ದು ಇಲ್ಲೊಂದೇ ಕಡೆ.

ಓಡುವ ಬೈಕಿನ ಮೇಲೆ ಉದ್ದುದ್ದ ಸಂಭಾಷಣೆ ಬರೆಯಬೇಡಿ. ಕರ್ನಾಟಕದಲ್ಲಿ 2016ರಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ; ಎರಡು ಹೆಲ್ಮೆಟ್ಟು, ಮಳೆ, ಟೂ ಸ್ಟ್ರೋಕ್ ಸದ್ದು, ಇಷ್ಟರ ನಡುವೆ ಕೂಗಿದ ಎರಡು ಪದ ಕೇಳಿಸಿದರೆ ಹೆಚ್ಚು. ಮಾತು ಚಾ ಅಂಗಡಿಯಲ್ಲಿ ಆಗಲಿ.

ಯಾರ ಬಾಯಲ್ಲಿ ಕಥೆ ಎಂಬುದನ್ನೂ ಪರೀಕ್ಷಿಸಿದೆವು. ಒಂದು ಅಧ್ಯಾಯ ಅವಳು, ಒಂದು ಅವನು ಎಂಬ ಪದ್ಧತಿ ಈ ಬಗೆಯ ಕಥೆಗಳಲ್ಲಿ ಜನಪ್ರಿಯ. ಆದರೆ ಅವನ ಮನಸ್ಸು ಮೊದಲೇ ಬಯಲಾದರೆ "ಹಿಡ್ಕೋ" ಎಂಬುದಕ್ಕೆ ಬೆಲೆ ಉಳಿಯುವುದಿಲ್ಲ. ಅವಳೊಬ್ಬಳೇ ಹೇಳಲಿ.

ಅಪ್ಪನ ಶಿಷ್ಯನ ದಾರಿಯಲ್ಲೂ ಗುಂಡಿಗಳಿವೆ. ದೊಡ್ಡದು, ಅಪ್ಪ ಮತ್ತು ಶಿಷ್ಯನ ನಡುವಿನ ಕಥೆಯೇ ಬೆಳೆದು ಹುಡುಗಿ ಬಹುಮಾನದ ವಸ್ತುವಾಗುವುದು. ಕ್ಲಬ್ಬಿನ ಲೆಕ್ಕದ ಪುಸ್ತಕವನ್ನು ಅವಳ ಕೈಗೆ ಕೊಟ್ಟಾಗ ಇದು ಸರಿಹೋಯಿತು: ಯಾರು ಪೆಟ್ರೋಲ್ ಹಣ ಬಾಕಿ ಇಟ್ಟಿದ್ದಾರೆ, ಯಾರ ಇನ್ಶೂರೆನ್ಸ್ ಮುಗಿದಿದೆ, ಎಲ್ಲ ಅವಳಿಗೆ ಗೊತ್ತು. ಇನ್ನೊಂದು, ಅಮೆರಿಕದ ಕ್ಲಬ್ಬನ್ನು ಹಾಗೇ ಎತ್ತಿ ತರುವುದು. ಅಲ್ಲಿನ ಚರ್ಮದ ಜಾಕೆಟ್ಟಿನ ಬೆನ್ನಿಗೆ ಮೇಲೆ ಕ್ಲಬ್ಬಿನ ಹೆಸರು, ನಡುವೆ ಲಾಂಛನ, ಕೆಳಗೆ ಊರು. ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಊರಿನಲ್ಲಿ 1947ರಲ್ಲಿ ನಡೆದ ಬೈಕ್ ಸವಾರರ ಗಲಾಟೆಯ ನಂತರ ಬೆಳೆದ ಕಾನೂನುಮೀರಿದ ಕ್ಲಬ್ಬುಗಳ ಲೋಕ ಅದು. ಕಾರವಾರದಲ್ಲಿ "ಯಾರ ಮಗ ನೀನು?" ಎಂಬ ಪ್ರಶ್ನೆಗೆ ಎರಡೇ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಹೆದರಿಕೆ ಹುಟ್ಟುವುದು ಪಿಸ್ತೂಲಿನಿಂದಲ್ಲ, ಆ ಪ್ರಶ್ನೆಯಿಂದ.

ವಯಸ್ಸಿನ ಲೆಕ್ಕ ತಪ್ಪಬಾರದು. ಗೇರ್ ಇರುವ ಬೈಕಿಗೆ ಲೈಸೆನ್ಸ್ ಸಿಗುವುದು 18 ತುಂಬಿದ ಮೇಲೆ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹದಿನೇಳರ ಹುಡುಗನಿಗೆ ಗಾಡಿ ಕೊಟ್ಟ ಅಪ್ಪ ಓದುಗನ ಕಣ್ಣಲ್ಲಿ ಅಲ್ಲೇ ಸಣ್ಣವನಾಗುತ್ತಾನೆ. ಅವಳಿಗೆ 18, ಅವನಿಗೆ 21 ಇಟ್ಟೆವು. ಕಥೆಗೆ ಇಸವಿ ಹಾಕುವವರು 2024 ಆರಿಸಿದರೆ ಜೋಪಾನ: ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಅಂಕೋಲಾ-ಕುಮಟಾ ನಡುವೆ ಹೆದ್ದಾರಿ ಬಂದಾಗಿತ್ತು, ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆ ಬಿತ್ತು. ಆ ದಿನಗಳಲ್ಲಿ ಕರಾವಳಿಯುದ್ದಕ್ಕೂ ಕ್ಲಬ್ ರೈಡ್ ಹೊರಡಿಸಿದರೆ ಊರಿನ ಓದುಗರು ಪುಸ್ತಕ ಮುಚ್ಚಿಡುತ್ತಾರೆ.

"ನೀನು" ಎಂಬುದು ಅಪ್ಪನ ಕಿವಿಗೆ ಬೀಳುವ ದೃಶ್ಯ ಬೇಗ ಬರಬಾರದು. ಐದನೇ ಅಧ್ಯಾಯದಲ್ಲಿ ಇಟ್ಟು ನೋಡಿದೆವು, ಆಮೇಲೆ ಹೇಳಲು ಏನೂ ಉಳಿಯಲಿಲ್ಲ. ಒಂಬತ್ತಕ್ಕೆ ತಳ್ಳಿದಾಗ ಕೂತುಕೊಂಡಿತು. ಮನೆಯ ಜಗಲಿ, ಅಪ್ಪ ಯೆಜ್ಡಿಯ ಪ್ಲಗ್ ಬಿಚ್ಚಿ ಸ್ಯಾಂಡ್ ಪೇಪರಿನಿಂದ ಮಸಿ ಉಜ್ಜುತ್ತಿದ್ದಾನೆ. ಹುಡುಗ ಲೋಟ ಕೆಳಗಿಟ್ಟು ಅವಳಿಗೆ "ನಿಂದು ಚಾ ಆಯ್ತಾ?" ಎನ್ನುತ್ತಾನೆ. ಅಪ್ಪ ತಲೆ ಎತ್ತುವುದಿಲ್ಲ. ಉಜ್ಜುವುದು ಮಾತ್ರ ನಿಲ್ಲುತ್ತದೆ.