ಬಿಸಿ ಕಣ್ಣುಪಟ್ಟಿ: ರೊಸೇಶಿಯಾ ಇರುವವರು ಕೊಳ್ಳಬಹುದಾ?

ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ಕಣ್ಣಿನ ಮೇಲೆ ಕಟ್ಟಿಕೊಳ್ಳುವ ಪಟ್ಟಿ ಇದು. ಒಳಗೆ ಸಣ್ಣ ಮಣಿಗಳು, ಹಿಂದೆ ಎಲಾಸ್ಟಿಕ್. ಕಣ್ಣು ಒಣಗುವವರು ಇದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಆದರೆ ಮುಖದಲ್ಲಿ ರೊಸೇಶಿಯಾ ಇದ್ದು, ಅದರಿಂದಲೇ ಕಣ್ಣು ಒಣಗುವ ನನ್ನಂಥವರ ತಾಪತ್ರಯವೇ ಬೇರೆ. ಕಣ್ಣಿಗೆ ಬಿಸಿ ಬೇಕು, ಕೆನ್ನೆಗೆ ಬಿಸಿ ಆಗಲ್ಲ. ಎರಡಕ್ಕೂ ನಡುವೆ ಇರುವುದು ಎರಡು ಬೆರಳಿನ ಜಾಗ.

ರೊಸೇಶಿಯಾ ಗೊತ್ತಿಲ್ಲದವರಿಗೆ: ಕೆನ್ನೆ, ಮೂಗು, ಹಣೆ ಪದೇ ಪದೇ ಕೆಂಪೇರಿ ಉರಿಯುತ್ತದೆ, ಸಣ್ಣ ಗುಳ್ಳೆ ಏಳುತ್ತದೆ. ಬೆಳ್ಳಗಿರುವವರ ಕಾಯಿಲೆ ಅಂತ ತುಂಬಾ ಜನ ತಿಳಿದಿದ್ದಾರೆ. ನಮ್ಮ ಬಣ್ಣದ ಮೇಲೆ ಕೆಂಪು ಎದ್ದು ಕಾಣುವುದಿಲ್ಲ, ಅಷ್ಟೇ. ಹಾಗಾಗಿ ಮೊಡವೆ ಅಂದುಕೊಂಡು ಏನೇನೋ ಹಚ್ಚುವವರೇ ಜಾಸ್ತಿ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಡುವ ಸ್ಟೀರಾಯ್ಡ್ ಕ್ರೀಮಂತೂ ಬೇಡವೇ ಬೇಡ. ಮೊದಲು ಕಡಿಮೆಯಾದಂತೆ ಕಾಣುತ್ತದೆ, ಬಿಟ್ಟ ಮೇಲೆ ದುಪ್ಪಟ್ಟು ಕೆರಳುತ್ತದೆ. ಇದೇ ಕಾಯಿಲೆ ರೆಪ್ಪೆಗೆ ಬಂದರೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುಚ್ಚುತ್ತದೆ, ಬೆಳಿಗ್ಗೆ ರೆಪ್ಪೆ ಅಂಟಿರುತ್ತದೆ, ಆಗಾಗ ಕುರು ಏಳುತ್ತದೆ. ಕೆಲವರಿಗೆ ಮುಖಕ್ಕಿಂತ ಮೊದಲು ಕಣ್ಣಿಗೇ ಬರುವುದುಂಟು.

"ನಿನ್ನ ಕಣ್ಣಲ್ಲಿ ಯಾವಾಗಲೂ ನೀರು ಸುರಿಯುತ್ತಲ್ಲೇ, ಒಣಗಿದೆ ಅಂತೀಯಾ" ಅಂತ ಅತ್ತೆ ಕೇಳುತ್ತಾರೆ. ಸುರಿಯುವುದು ನೀರೇ, ಆದರೆ ಅದು ಕಣ್ಣಿನ ಮೇಲೆ ಉಳಿಯುವುದಿಲ್ಲ, ಬೇಗ ಆರಿಹೋಗುತ್ತದೆ. ರೆಪ್ಪೆಯ ಅಂಚಿನಲ್ಲಿ ಮೈಬೋಮಿಯನ್ ಅನ್ನುವ ಎಣ್ಣೆ ಗ್ರಂಥಿಗಳಿವೆ. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನದರಲ್ಲಿ 20ರಿಂದ 30. ಅವು ಬಿಡುವ ಎಣ್ಣೆ ಕಣ್ಣೀರಿನ ಮೇಲೆ ತೆಳ್ಳಗೆ ಹರಡಿ, ನೀರು ಬೇಗ ಆರದಂತೆ ನೋಡಿಕೊಳ್ಳುತ್ತದೆ. ರೊಸೇಶಿಯಾದಲ್ಲಿ ರೆಪ್ಪೆಯ ಅಂಚು ಊದಿ, ಎಣ್ಣೆ ಗಟ್ಟಿಯಾಗಿ ಗ್ರಂಥಿಯ ಬಾಯಿ ಕಟ್ಟಿಕೊಳ್ಳುತ್ತದೆ. ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಿಂದ ಇಳಿಯದೆ ಕೂರುತ್ತಲ್ಲ, ಹಾಗೆ. ಕರಗಿಸಬೇಕಾದರೆ ರೆಪ್ಪೆಗೆ ಹೆಚ್ಚುಕಡಿಮೆ 40 ಡಿಗ್ರಿ ಬಿಸಿ ತಾಗಬೇಕು, ಅದೂ ಐದರಿಂದ ಹತ್ತು ನಿಮಿಷ.

ಬಿಸಿನೀರಲ್ಲಿ ಅದ್ದಿದ ಬಟ್ಟೆಯ ಕಷ್ಟ ಇಲ್ಲೇ. ಎರಡು ಮೂರು ನಿಮಿಷಕ್ಕೆ ತಣ್ಣಗಾಗುತ್ತದೆ. ಮತ್ತೆ ಅದ್ದು, ಹಿಂಡು, ಇಡು. ಬ್ಯಾಂಕಿಗೆ ಹೊರಡುವ ಹೊತ್ತಲ್ಲಿ ಯಾರಿಗೆ ಆಗುತ್ತೆ? ಪಟ್ಟಿ ಗೆಲ್ಲುವುದು ಈ ಒಂದೇ ಕಾರಣಕ್ಕೆ. ಮಣಿಗಳು ಗಾಳಿಯ ತೇವ ಹೀರಿಕೊಂಡು, ಬಿಸಿಯಾದಾಗ ಹಬೆಯಂತೆ ಬಿಡುತ್ತವೆ. ಬಿಸಿ ಬೇಗ ಆರುವುದಿಲ್ಲ. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ಬೆರಳಿನಿಂದ ಮೆತ್ತಗೆ ನೀವಿದರೆ ಎಣ್ಣೆ ಇಳಿಯುತ್ತದೆ. ಕೆಲವು ವಾರ ಬಿಡದೆ ಮಾಡಿದ ಮೇಲೆ ಬೆಳಿಗ್ಗೆಯ ಅಂಟು ಕಡಿಮೆಯಾಯಿತು. ಮಧ್ಯಾಹ್ನದ ಉರಿ ಹೋಗಿಲ್ಲ. ಎಸಿ ಕೆಳಗೆ ಕಂಪ್ಯೂಟರ್ ನೋಡುತ್ತಾ ಕೂತರೆ ರೆಪ್ಪೆ ಮಿಟುಕಿಸುವುದೇ ಅರ್ಧಕ್ಕೆ ಇಳಿಯುತ್ತದೆ, ಅದಕ್ಕೆ ಪಟ್ಟಿ ಏನು ಮಾಡೀತು?

ಈಗ ಕೆನ್ನೆಯ ಮಾತು. ಪೊಟ್ಟಣದ ಮೇಲೆ ಎಲ್ಲೂ ಬರೆದಿಲ್ಲ, ಆದರೆ ಬಿಸಿ ರೊಸೇಶಿಯಾವನ್ನು ಕೆರಳಿಸುವ ದೊಡ್ಡ ಕಾರಣಗಳಲ್ಲಿ ಒಂದು. ಬಿಸಿಲು, ಖಾರ, ಬಿಸಿ ಬಿಸಿ ಕಾಫಿಯ ಸಾಲಿಗೆ ಈ ಪಟ್ಟಿಯೂ ಸೇರುತ್ತದೆ. ಅಗಲದ ಪಟ್ಟಿಯಾದರೆ ಕೆನ್ನೆಯ ಮೇಲ್ಭಾಗವೆಲ್ಲ ಬೆಂದು, ತೆಗೆದ ಮೇಲೂ ಬಹಳ ಹೊತ್ತು ಉರಿಯುತ್ತದೆ. ನಾನು ಮಾಡುವುದು ಇಷ್ಟು: ತೆಳ್ಳನೆಯ ಹತ್ತಿ ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ, ಮಡಚಿ, ಎರಡೂ ಕೆನ್ನೆಯ ಮೇಲೆ ಪಟ್ಟಿಯ ಅಂಚಿನವರೆಗೆ ಇಡುತ್ತೇನೆ. ಅಂಗಾತ ಮಲಗುತ್ತೇನೆ, ಇಲ್ಲದಿದ್ದರೆ ಪಟ್ಟಿ ಕೆಳಗೆ ಜಾರುತ್ತದೆ. ಒಂದೇ ಸಲ ಹತ್ತು ನಿಮಿಷದ ಬದಲು ಬೆಳಿಗ್ಗೆ ಐದು, ರಾತ್ರಿ ಐದು. ಬಿಸಿಲಿಂದ ಬಂದ ಕೂಡಲೇ ಹಾಕುವುದಿಲ್ಲ. ಸಂಜೆ ಮಂಡಕ್ಕಿ ಮಿರ್ಚಿ ತಿಂದಿದ್ದರೆ ಅವತ್ತು ರಜೆ. ದಾವಣಗೆರೆಯಲ್ಲಿದ್ದು ಮಿರ್ಚಿ ಬಿಡು ಅನ್ನುವ ಡಾಕ್ಟರಿಗೆ ನಾನು ಇನ್ನೂ ಪೂರ್ತಿ ಒಪ್ಪಿಗೆ ಕೊಟ್ಟಿಲ್ಲ. ಏಪ್ರಿಲ್, ಮೇನಲ್ಲಿ ರಾತ್ರಿ ಮಾತ್ರ.

ಕುಂದುಗಳೂ ಇವೆ. ಮೊದಲು ತಂದ ಪಟ್ಟಿಯ ಹೊಲಿಗೆ ಬೇಗ ಬಿಟ್ಟು ಮಣಿ ಹಾಸಿಗೆ ತುಂಬಾ ಚೆಲ್ಲಿತು. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಬಿಸಿಯೂ ಎಲ್ಲ ಕಡೆ ಸಮವಾಗಿ ಏರುವುದಿಲ್ಲ, ಒಂದು ಮೂಲೆ ಸುಡುತ್ತಿರುತ್ತದೆ. ಮಣಿಗಳನ್ನು ಅಲ್ಲಾಡಿಸಿ, ಮುಂಗೈ ಒಳಭಾಗಕ್ಕೆ ತಾಗಿಸಿ ನೋಡಿಯೇ ಹಾಕಬೇಕು. ಬಿಸಿ ಮಾಡಿದ್ದನ್ನು ಕೂಡಲೇ ಮತ್ತೆ ಬಿಸಿ ಮಾಡಬಾರದು, ಮಣಿಗಳು ತೇವ ಹೀರಿಕೊಳ್ಳಲು ಹೊತ್ತು ಬೇಕು. ಕರೆಂಟ್ ಹೋದರೆ ಇದು ಸುಮ್ನೆ ಒಂದು ಬಟ್ಟೆ. ತವಾ ಮೇಲೆ ಬಿಸಿ ಮಾಡುವ ಉಪಾಯ ಬೇಡ, ಕಣ್ಣಿನ ವಿಷಯ. ತೆಗೆದ ಮೇಲೆ ಸ್ವಲ್ಪ ಹೊತ್ತು ಮಂಜಾಗಿ ಕಾಣುತ್ತದೆ, ಹಾಗಾಗಿ ಆ ಕೂಡಲೇ ಸ್ಕೂಟರ್ ಕೀಲಿ ಎತ್ತಬೇಡಿ. ಗ್ಲಾಕೋಮಾ ಇರುವವರು, ಕಣ್ಣಿನ ಆಪರೇಷನ್ ಆದವರು ವೈದ್ಯರನ್ನು ಕೇಳದೆ ಹಾಕಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಮೊದಲೇ ತೆಗೆದಿಡಿ.

ವೈರ್ ಇರುವ ಯುಎಸ್‌ಬಿ ಪಟ್ಟಿಯನ್ನೂ ಬಳಸಿ ನೋಡಿದೆ. ಎಷ್ಟು ಬಿಸಿ ಬೇಕೆಂದು ಆರಿಸಬಹುದು, ಅದೊಂದು ಅನುಕೂಲ. ಆದರೆ ಅದು ಒಣ ಬಿಸಿ, ನನಗೆ ಕೆನ್ನೆ ಬೇಗ ಕೆರಳಿತು.

ಪಟ್ಟಿಯೊಂದೇ ಸಾಲದು. ರೊಸೇಶಿಯಾ ಒಳಗಿಂದ ಉರಿಯುತ್ತಿರುವಾಗ ಎಣ್ಣೆ ಕರಗಿಸಿದರೂ ಮತ್ತೆ ಗಟ್ಟಿಯಾಗುತ್ತದೆ. ನನಗೆ ವೈದ್ಯರು ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಕೆಲವು ತಿಂಗಳು ಕೊಟ್ಟ ಮೇಲೇ ಪಟ್ಟಿಯ ಗುಣ ಉಳಿಯತೊಡಗಿತು. ಆ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿಲು ಆಗಲ್ಲ, ಗರ್ಭಿಣಿಯರಿಗೆ ಕೊಡುವುದಿಲ್ಲ, ನುಂಗಿದ ಕೂಡಲೇ ಮಲಗಬಾರದು. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಒಣಕಣ್ಣಿನ ಡ್ರಾಪ್ಸ್ ಹಾಕುವವರು ಪ್ರಿಸರ್ವೇಟಿವ್ (ಔಷಧ ಕೆಡದಂತೆ ಸೇರಿಸುವ ರಾಸಾಯನಿಕ) ಇಲ್ಲದ್ದನ್ನು ಕೇಳಿ ತೆಗೆದುಕೊಳ್ಳಿ. ದುಬಾರಿ, ಆದರೆ ಪ್ರಿಸರ್ವೇಟಿವ್ ಕೂಡ ಕಣ್ಣನ್ನು ಕೆರಳಿಸುತ್ತದೆ. ಮೀನೆಣ್ಣೆ ಕ್ಯಾಪ್ಸೂಲ್ ತಗೋ ಅಂತ ಆಫೀಸಿನಲ್ಲಿ ದಿನಾ ಒಬ್ಬರು ಹೇಳುತ್ತಾರೆ. 2018ರಲ್ಲಿ ಬಂದ ಡ್ರೀಮ್ ಎಂಬ ದೊಡ್ಡ ಅಧ್ಯಯನದಲ್ಲಿ, ಒಂದು ವರ್ಷ ಅದನ್ನು ತೆಗೆದುಕೊಂಡವರಿಗೆ ಆಲಿವ್ ಎಣ್ಣೆ ತೆಗೆದುಕೊಂಡವರಿಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಆ ದುಡ್ಡನ್ನು ನಾನು ಡ್ರಾಪ್ಸ್‌ಗೆ ಹಾಕುತ್ತೇನೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮುಖದಲ್ಲಿ ರೊಸೇಶಿಯಾ ಇಲ್ಲದವರು ನಾಲ್ಕೂವರೆ ಅಂದುಕೊಳ್ಳಿ. ಕೊಳ್ಳುವಾಗ ಸಪೂರದ್ದು ನೋಡಿ, ಎರಡು ಕಣ್ಣಿಗೂ ಬೇರೆ ಬೇರೆ ಗುಳಿ ಇರುವಂಥದ್ದು. ಹೊದಿಕೆ ಬಿಚ್ಚಿ ಒಗೆಯುವಂತಿರಲಿ, ರೆಪ್ಪೆಯ ಎಣ್ಣೆ ಅಂಟಿ ಒಂದೇ ವಾರಕ್ಕೆ ಕೊಳೆಯಾಗುತ್ತದೆ.